ಪಂಚಮಿಯ ಬೆಳಿಗ್ಗೆ ಫೀನಿಕ್ಸಿನ ಹಾವಿಗೆ ಊಟ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನೌಕರಿ ಮಾಡುವ ನನ್ನ ತಂಗಿಯ ಮಗ ಹಾವೊಂದನ್ನು ಸಾಕಿದ್ದಾನೆಂಬ ಸುದ್ದಿ ಕಲಬುರಗಿಯ ನಮ್ಮ ಮನೆಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ಅವನ ತಾಯಿ. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ನಾನು. ಅದು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ನಮ್ಮ ಮಲೆನಾಡಿನ ಕಾಳಿಂಗ ಸರ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ, ಬೆಳೆದರೆ ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಉದ್ದವಾಗುತ್ತದೆ. ಇಲಿ, ಹಲ್ಲಿ, ಹಕ್ಕಿಯ ಮೊಟ್ಟೆಗಳ ಜೊತೆಗೆ ಬೇರೆ ಹಾವುಗಳನ್ನೂ ನುಂಗುವ ಈ ಜಾತಿಗೆ ಬುಡುಬುಡಿಕೆ ಹಾವಿನ (ರ‍್ಯಾಟಲ್‌ಸ್ನೇಕ್) ವಿಷವೂ ಅಷ್ಟಾಗಿ ತಟ್ಟುವುದಿಲ್ಲ. ತನ್ನ ಜಾತಿಯದನ್ನೇ ತಿನ್ನಲೂ ಹಿಂಜರಿಯದ ಕಾರಣ ಒಂದು ಪೆಟ್ಟಿಗೆಯಲ್ಲಿ ಒಂದನ್ನೇ ಇಡಬೇಕೆಂಬುದು ಸಾಕುವವರ ಮೊದಲ ನಿಯಮ. ಹುಡುಗನಿಗೆ ಇದೆಲ್ಲ ಗೊತ್ತಿತ್ತು. ಸಾಕಣೆ ಕೇಂದ್ರದಲ್ಲಿ ಹುಟ್ಟಿದ, ಕಪ್ಪು ಮೈಮೇಲೆ ಕೆನೆಬಣ್ಣದ ಪಟ್ಟೆಗಳಿದ್ದ ಒಂದು ವರ್ಷದ ಮರಿಯನ್ನೇ ಆತ ತಂದಿದ್ದ.

ಶ್ರಾವಣ ಹಿಡಿಯುವ ಮೊದಲು ಒಂದು ರಾತ್ರಿ ಅವನಿಂದ ಫೋಟೊ ಬಂತು. ಪೆಟ್ಟಿಗೆಯ ಮೂಲೆಯಲ್ಲಿ ಅರ್ಧ ಕರಗಿದ ಇಲಿಯೊಂದು ಲೋಳೆಯಲ್ಲಿ ಬಿದ್ದಿತ್ತು. ಹಾವು ನುಂಗಿದ್ದನ್ನು ಎರಡು ದಿನದ ಮೇಲೆ ಕಾರಿಕೊಂಡಿತ್ತು. ಮನುಷ್ಯರಿಗೆ ವಾಂತಿಯಾದರೆ ಒಂದು ಹೊತ್ತಿನ ಸಂಕಟವೆಂದು ಬಿಡಬಹುದು, ಹಾವಿನ ವಿಷಯದಲ್ಲಿ ಹಾಗೆ ಬಿಡಲಾಗದು. ಜಠರದ ಆಮ್ಲ ಹೊರಬಂದು ಅನ್ನನಾಳವನ್ನು ಸುಡುತ್ತದೆ, ಜೀರ್ಣರಸಗಳು ಮತ್ತೆ ಕೂಡಿಬರಲು ದಿನಗಳು ಬೇಕಾಗುತ್ತವೆ, ಮೇಲಿಂದ ಮೇಲೆ ಹೀಗಾದರೆ ಮರಿ ಉಳಿಯುವುದೇ ಕಷ್ಟ. ನಾನು ಒಂದೊಂದಾಗಿ ಕೇಳುತ್ತ ಹೋದೆ. ಇಲಿ ಎಷ್ಟು ದಪ್ಪವಿತ್ತು? ಉಂಡ ಮೇಲೆ ಮುಟ್ಟಿದಿಯಾ? ಬೆಚ್ಚನೆಯ ಬದಿಯಲ್ಲಿ ಉಷ್ಣಾಂಶ ಎಷ್ಟಿದೆ? ಮರುದಿನ ಗೆಳೆಯರು ಬಂದಿದ್ದರೆಂದೂ ಹಾವು ಅವರೆಲ್ಲರ ಕೈಯಿಂದ ಕೈಗೆ ಹೋಗಿತ್ತೆಂದೂ ಆಗ ತಿಳಿಯಿತು. ಉಷ್ಣಾಂಶದ ಪ್ರಶ್ನೆಗೆ ಮಾತ್ರ ಅವನು ನಕ್ಕ: “ದೊಡ್ಡವ್ವ, ಇದು ಫೀನಿಕ್ಸ್. ಇಲ್ಲಿ ಬಿಸಿಲು ನಮ್ಮ ಕಲಬುರಗಿಗಿಂತ ಒಂದು ಕೈ ಮ್ಯಾಲೇ ಅದ.”

ಬಿಸಿಲೇನೋ ಹೊರಗಿತ್ತು, ಹಾವು ಇದ್ದದ್ದು ಎ.ಸಿ. ಹಗಲು ರಾತ್ರಿ ಓಡುವ ಕೋಣೆಯಲ್ಲಿ. ಪೆಟ್ಟಿಗೆಯ ಒಂದು ಬದಿಯಡಿ ಹಾಸಿದ್ದ ಬಿಸಿಪಟ್ಟಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟಿನ ಬಿಸಿ ಅಳೆಯುವ ತಂತಿ ತನ್ನ ಜಾಗದಿಂದ ಜರುಗಿ ಪಟ್ಟಿಯ ಮೇಲೆಯೇ ಒರಗಿತ್ತು. ಪಟ್ಟಿ ಕಾದ ಕೂಡಲೇ, ಒಳಗಿನ ನೆಲ ಇನ್ನೂ ತಣ್ಣಗಿರುವಾಗಲೇ, ಅದು ವಿದ್ಯುತ್ತನ್ನು ನಿಲ್ಲಿಸಿಬಿಡುತ್ತಿತ್ತು. ಅಳೆದು ನೋಡಿದಾಗ ಬೆಚ್ಚಗಿರಬೇಕಾದ ಬದಿಯಲ್ಲಿ 24 ಡಿಗ್ರಿ. ಕಿಂಗ್‌ಸ್ನೇಕಿಗೆ ಬೆಚ್ಚನೆಯ ಬದಿ 29ರಿಂದ 31 ಡಿಗ್ರಿ, ತಣ್ಣನೆಯ ಬದಿ 24ರ ಆಸುಪಾಸು ಇರಬೇಕು. ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದ ಪ್ರಾಣಿ ಉಂಡ ಮೇಲೆ ಬಿಸಿಯತ್ತ ಸರಿದು ಮಲಗುತ್ತದೆ. ಆ ಬಿಸಿ ಸಿಗದಿದ್ದರೆ ಒಳಗಿನ ಇಲಿ ಜೀರ್ಣವಾಗುವ ಬದಲು ಕೊಳೆಯತೊಡಗುತ್ತದೆ, ಹೊರಹಾಕದೆ ಅದಕ್ಕೆ ಬೇರೆ ದಾರಿಯಿರುವುದಿಲ್ಲ. ಹಾವು ಉಣ್ಣುತ್ತಿಲ್ಲ, ಉಂಡದ್ದು ದಕ್ಕುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಇಲಿಯನ್ನು ನೋಡುವ ಮೊದಲು ಥರ್ಮಾಮೀಟರ್ ನೋಡಬೇಕೆಂಬುದು ನನ್ನ ಅಭಿಪ್ರಾಯ.

ತಂತಿ ತನ್ನ ಜಾಗಕ್ಕೆ ಬಂತು. ಆಮೇಲಿನ ಕಷ್ಟದ ಕೆಲಸವೆಂದರೆ ಸುಮ್ಮನಿರುವುದು. ಕಾರಿಕೊಂಡ ಹಾವಿಗೆ ಹತ್ತರಿಂದ ಹದಿನಾಲ್ಕು ದಿನ ನೀರಲ್ಲದೆ ಏನನ್ನೂ ಕೊಡಬಾರದು, ಕೈಯನ್ನೂ ಹಾಕಬಾರದು. ಆನಂತರ ಕೊಡುವ ಮೊದಲ ಊಟ ಮಾಮೂಲಿಗಿಂತ ಅರ್ಧದಷ್ಟಿರಬೇಕು. ಹಾವೆಂದರೆ ಹೆದರಿ ಸಾಯುತ್ತಿದ್ದ ನನ್ನ ತಂಗಿಗೆ ಈ ಉಪವಾಸ ಕೇಳಿ ಕರುಳು ಚುರ್ ಎಂದಿತು. “ಪಾಪ, ಹಸದಿರತದ. ಒಂದು ಸಣ್ಣ ಇಲಿಯಾದರ ಹಾಕು ಅನ್ನಕ್ಕಾ” ಎಂದು ನನ್ನ ಬೆನ್ನು ಬಿದ್ದಳು. ಹಸಿದಿತ್ತು ನಿಜ, ಆದರೆ ಹಾವಿನ ಹಸಿವನ್ನು ನಮ್ಮ ಮೂರು ಹೊತ್ತಿನ ಲೆಕ್ಕದಲ್ಲಿ ನೋಡಬಾರದು. ಆರೋಗ್ಯವಂತ ಕಿಂಗ್‌ಸ್ನೇಕ್ ಕೆಲವು ವಾರ ಉಣ್ಣದೆಯೂ ಗಟ್ಟಿಯಾಗಿರಬಲ್ಲದು.

ಅವಧಿ ಮುಗಿದದ್ದು ಸರಿಯಾಗಿ ನಾಗರ ಪಂಚಮಿಗೆ. ಇಲ್ಲಿ ಬೆಳಗಿನ ಎಂಟು ಗಂಟೆ, ಅಲ್ಲಿ ಹಿಂದಿನ ದಿನದ ಸಂಜೆ ಏಳೂವರೆ. ಅವ್ವ ಮಡಿಯುಟ್ಟು, ಹಾಲಿನ ತಂಬಿಗೆ, ಅಳ್ಳು, ಎಳ್ಳುಂಡಿಗಳನ್ನು ತಾಟಿನಲ್ಲಿಟ್ಟುಕೊಂಡು ಬೇವಿನ ಗಿಡದ ಕೆಳಗಿನ ನಾಗಪ್ಪನ ಕಲ್ಲಿಗೆ ಹೊರಟಿದ್ದಳು. ಅಷ್ಟರಲ್ಲಿ ವಿಡಿಯೊ ಕರೆ ಬಂತು. ಅವ್ವನೂ ತಾಟು ಹಿಡಿದುಕೊಂಡೇ ನನ್ನ ಪಕ್ಕ ನಿಂತಳು.

ಹುಡುಗ ಹಿಂದಿನ ರಾತ್ರಿಯೇ ಫ್ರೀಜರಿನಿಂದ ಕೆಳಗಿಳಿಸಿ ಫ್ರಿಜ್ಜಿನಲ್ಲಿ ಕರಗಿಸಿದ್ದ ಇಲಿಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಅದ್ದಿಟ್ಟಿದ್ದ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬೆಂದುಹೋಗುತ್ತದೆ, ಕೆಲವೊಮ್ಮೆ ಹೊಟ್ಟೆ ಒಡೆಯುತ್ತದೆ. ಜೀವಂತ ಇಲಿಯನ್ನು ಬಿಟ್ಟರೆ ಹಾವಿಗೇ ಅಪಾಯ, ಇಲಿ ಕಚ್ಚಿ ಕಣ್ಣು ಕಳೆದುಕೊಂಡ ಸಾಕುಹಾವುಗಳಿವೆ. ಕೂದಲು ಬಂದು ಆಗತಾನೇ ಕಣ್ಣು ತೆರೆಯುವ ವಯಸ್ಸಿನ ಆ ಮರಿಯನ್ನು ಉದ್ದನೆಯ ಚಿಮಟದಲ್ಲಿ ಬಾಲದ ಬುಡಕ್ಕೆ ಹಿಡಿದು ಅವನು ಪೆಟ್ಟಿಗೆಯೊಳಗೆ ಇಳಿಬಿಟ್ಟ. ಕೈಯಲ್ಲೇ ಕೊಡುವಂತಿಲ್ಲ, ಕಿಂಗ್‌ಸ್ನೇಕ್ ಊಟದ ವಾಸನೆ ಬಂದರೆ ಬೆರಳು ಇಲಿ ಎಂದು ಭೇದ ಮಾಡುವ ಪ್ರಾಣಿಯಲ್ಲ.

ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಮರದ ಹೊಟ್ಟಿನಡಿಯಿಂದ ಮೂತಿಯಷ್ಟೇ ಮೇಲೆದ್ದಿತು, ಸೀಳುನಾಲಿಗೆ ಹೊರಬಂದು ಒಳಹೋಗುತ್ತಿತ್ತು, ಬರಬರುತ್ತ ಆ ವೇಗ ಹೆಚ್ಚಿತು. ಹುಡುಗ ಚಿಮಟವನ್ನು ಚೂರೇ ಅಲುಗಿಸಿದ. ಹಾರಿ ಹಿಡಿದದ್ದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಕಂಡದ್ದು, ಸತ್ತ ಇಲಿಯ ಸುತ್ತ ಸುರುಳಿಗಳು ಒಂದರ ಪಕ್ಕ ಒಂದು ಹೊಂದಿಕೊಂಡು ಬಿಗಿಯುತ್ತಿದ್ದ ಬಗೆ. ಇದೇ ಅಳತೆಯ, ಅಮೆರಿಕದ ಇಲಿಹಾವುಗಳಿಗಿಂತ (ರ‍್ಯಾಟ್‌ಸ್ನೇಕ್) ಕಿಂಗ್‌ಸ್ನೇಕಿನ ಹಿಡಿತದ ಒತ್ತಡ ಹೆಚ್ಚೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಮಾಂಸಖಂಡಗಳು ಹೆಚ್ಚಿರುವುದರಿಂದಲ್ಲ, ಸುರುಳಿ ಹಾಕುವ ಅಚ್ಚುಕಟ್ಟಿನಿಂದ ಹಾಗಾಗಿರಬಹುದೆಂದು ಸಂಶೋಧಕರು ಬರೆದಿದ್ದರು; ಮೊಬೈಲಿನ ಪರದೆಯಲ್ಲಿ ಆ ಅಚ್ಚುಕಟ್ಟನ್ನು ನೋಡುವಾಗ ನನಗೆ ಅದು ನೆನಪಾಯಿತು. ಬಿಗಿತ ಸಡಿಲಿಸಿದ ಹಾವು ಮೂತಿಯಿಂದ ತಡವುತ್ತ ಇಲಿಯ ತಲೆಯನ್ನು ಹುಡುಕಿ, ಕೆಳದವಡೆಯ ಎರಡು ಬದಿಗಳನ್ನು ಒಂದಾದ ಮೇಲೊಂದು ಮುಂದಿಡುತ್ತ ಅದರ ಮೇಲೆ ನಡೆದುಹೋದಂತೆ ನುಂಗಿತು. ಬಾಲ ಮಾಯವಾದ ಮೇಲೆ ಎರಡು ಸಲ ದೊಡ್ಡದಾಗಿ ಬಾಯ್ದೆರೆದು ದವಡೆಯನ್ನು ಸರಿಪಡಿಸಿಕೊಂಡಿತು.

“ಇಷ್ಟs ಸಣ್ಣದು?” ಎಂದಳು ಅವ್ವ. “ಪಂಚಮಿ ಅದ, ಒಂದು ಬಟ್ಟಲು ಹಾಲರ ಇಡೋ ಅದಕ್ಕ.”

“ಆಯಿ, ಅದು ಹಾಲು ಕುಡಿಯಂಗಿಲ್ಲ. ನೀರು ಇಟ್ಟೀನಿ.”

ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಾವಿನ ಹೊಟ್ಟೆಗಿಲ್ಲ. ದಿನಗಟ್ಟಲೆ ನೀರು ಕಾಣಿಸದೆ ಬುಟ್ಟಿಯಲ್ಲಿಟ್ಟ ಹಾವು ಬಾಯಾರಿಕೆಗೆ ಹಾಲಿಗೂ ಬಾಯಿ ಹಾಕುತ್ತದೆಯೇ ಹೊರತು ಇಷ್ಟಪಟ್ಟಲ್ಲ. ಅದು ಶ್ವಾಸಕೋಶಕ್ಕೆ ಹೋಗಿ ಸತ್ತ ಹಾವುಗಳು ಎಷ್ಟೋ. ಅವ್ವನಿಗೆ ಇದನ್ನು ಹಿಂದೆಯೂ ಹೇಳಿದ್ದೆ, ಅವಳು ವಾದಕ್ಕಿಳಿಯಲಿಲ್ಲ. ತಾನು ಎರೆಯುವುದು ಕಲ್ಲಿನ ನಾಗಪ್ಪನಿಗೆ, ದೇವರ ಪಾಲು, ಹಿರಿಯರ ಪಾಲು, ಅಣ್ಣತಮ್ಮಂದಿರ ಪಾಲು ಎಂದು ಹೆಸರೆತ್ತಿ ಎರೆಯುತ್ತೇನೆ, ಜೀವದ ಹಾವಿಗೆ ಕುಡಿಸುವವರ ಸುದ್ದಿ ತನಗೇಕೆ ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ.

ಆದರೆ ‘ಇಷ್ಟs ಸಣ್ಣದು’ ಎಂಬ ಮಾತು ಹುಡುಗನಿಗೆ ನಾಟಿತು. ಎರಡು ಮೂರು ಊಟವಾದ ಮೇಲೆ ದಿನ ಬಿಟ್ಟು ದಿನ ಕೊಟ್ಟು ಬೇಗ ಬೆಳೆಸಬಹುದೇ ಎಂದು ಕೇಳಿದ. ಬೆಳೆಸಬಹುದು, ಆದರೆ ಅದು ಕೊಬ್ಬಿನ ಬೆಳವಣಿಗೆ. ಕಿಂಗ್‌ಸ್ನೇಕ್ ಕೊಟ್ಟದ್ದನ್ನೆಲ್ಲ ತಿನ್ನುತ್ತದೆ, ಸಾಕೆನ್ನುವುದು ಅದರ ಸ್ವಭಾವದಲ್ಲಿಲ್ಲ, ಆದ್ದರಿಂದ ಮಿತಿಯನ್ನು ಸಾಕುವವನೇ ಇಡಬೇಕು. ಮೊಟ್ಟೆಯೊಡೆದು ಬಂದ ಮರಿ ಮೊದಲ ಪೊರೆ ಬಿಟ್ಟ ಮೇಲೆ ಐದರಿಂದ ಏಳು ದಿನಕ್ಕೊಮ್ಮೆ, ರೋಮವಿಲ್ಲದ ಒಂದು ಎಳೆಯ ಇಲಿಮರಿ. ಬೆಳೆದಂತೆ ಇಲಿಯ ಗಾತ್ರ ದೊಡ್ಡದಾಗಬೇಕು, ಊಟದ ನಡುವಿನ ಅಂತರವೂ ಹಿಗ್ಗಬೇಕು. ಪೂರ್ತಿ ಬೆಳೆದದ್ದಕ್ಕೆ ವಾರದಿಂದ ಎರಡು ವಾರಕ್ಕೊಂದು ಇಲಿ ಸಾಕು. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗವನ್ನು ಬಹಳ ಮೀರಬಾರದು. ಇಡೀ ಇಲಿಯಲ್ಲಿ ಎಲುಬು, ಯಕೃತ್ತು ಎಲ್ಲವೂ ಇರುವುದರಿಂದ ಬೇರೆ ಪುಡಿ, ಟಾನಿಕ್ಕುಗಳು ಬೇಕಿಲ್ಲ. ಅಡುಗೆಮನೆಯ ತಕ್ಕಡಿಯನ್ನು ಬಿಟ್ಟು ಬೇರೊಂದು ಗ್ರಾಂ ತಕ್ಕಡಿ ಕೊಂಡು ತಿಂಗಳಿಗೊಮ್ಮೆ ತೂಗಿ ಬರೆದಿಡು ಎಂದೆ. ಹಾವುಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದಾದ ಕಾರಣ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೂ ಹೇಳಿದೆ. ತಾಯಿಗೆ ಸಮಾಧಾನವಾದದ್ದು ಈ ಕೊನೆಯ ಮಾತೊಂದರಿಂದ.

ನಮ್ಮ ಓಣಿಯ ಹುಡುಗನೊಬ್ಬ ಇದನ್ನೆಲ್ಲ ಕೇಳಿ, ಇಲ್ಲೂ ಒಂದು ಸಾಕೋಣವೇ ಟೀಚರ್ ಎಂದ. ಬೇಡವೆಂದೆ. ನಮ್ಮ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹೊರದೇಶದ್ದನ್ನು ತಂದರೆ ತಪ್ಪಿಸಿಕೊಂಡಾಗ ಏನಾಗುತ್ತದೆಂಬುದಕ್ಕೆ ಸ್ಪೇನ್ ದೇಶದ ಗ್ರಾನ್ ಕನಾರಿಯಾ ದ್ವೀಪವೇ ಸಾಕ್ಷಿ. ಸಾಕಿದವರ ಕೈತಪ್ಪಿದ ಇದೇ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕುಗಳು ಅಲ್ಲಿ ಹೆಚ್ಚಿ, ಆ ದ್ವೀಪದ್ದೇ ಆದ ದೊಡ್ಡ ಹಲ್ಲಿಗಳನ್ನು ಅನೇಕ ಕಡೆ ಇಲ್ಲವಾಗಿಸಿವೆ. ಹಾವು ನೋಡುವ ಆಸೆಯಿದ್ದರೆ ತೊಗರಿ ಹೊಲದ ಬದುವಿನಲ್ಲಿ ಇಲಿ ಹಿಡಿಯುವ ಕೇರೆ ಹಾವನ್ನು ದೂರದಿಂದ ನೋಡಲಿ.

ಹಬ್ಬ ಮುಗಿದು, ಉಳಿದ ಶೇಂಗಾ ಉಂಡಿಯನ್ನು ನಾವೆಲ್ಲ ಚಹಾದ ಜೊತೆ ತಿನ್ನುತ್ತ ಕುಳಿತಿದ್ದಾಗ ಮನೆಯವರ ವಾಟ್ಸಾಪ್ ಗುಂಪಿಗೆ ಅವನ ಫೋಟೊ ಬಂತು: ಹಾವಿನ ಹಿಕ್ಕೆ. ತಂಗಿ “ಉಣ್ಣೂ ಹೊತ್ತಿಗೆ ಇದೇನೋ ಹಾಕ್ತಿ” ಎಂದು ಬೈದು ಬರೆದಳು. ನಾನು ದೊಡ್ಡದು ಮಾಡಿ ನೋಡಿದೆ. ಕಂದು ಭಾಗ ಗಟ್ಟಿಯಾಗಿತ್ತು, ಪಕ್ಕದಲ್ಲಿ ಸುಣ್ಣದಂಥ ಬಿಳಿಯ ಯೂರಿಕ್ ಆಮ್ಲದ ಉಂಡೆಯಿತ್ತು, ಲೋಳೆಯಾಗಲಿ ಕರಗದ ತುಂಡಾಗಲಿ ಇರಲಿಲ್ಲ. ಮುಂದಿನದು ದೊಡ್ಡ ಇಲಿ ಕೊಡಲೇ ಎಂದು ಕೇಳಿದ್ದ. ಇದೇ ಗಾತ್ರದ್ದು ಇನ್ನೆರಡು ಊಟ, ವಾರದ ಅಂತರದಲ್ಲಿ, ಆಮೇಲೆ ನೋಡೋಣ ಎಂದು ಬರೆದೆ.