ಜಗನ್ಮೋಹನ ಅರಮನೆ: ಸೌರಫಲಕಕ್ಕಿಂತ ಮೊದಲು ಚರಂಡಿ

1861ರಲ್ಲಿ ಕಟ್ಟಿದ ಮೈಸೂರಿನ ಜಗನ್ಮೋಹನ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ. ಇಷ್ಟು ಹಳೆಯ ಕಟ್ಟಡವನ್ನು ಪರಿಸರಸ್ನೇಹಿಯಾಗಿಸುವ ಮಾತು ಬಂದಾಗ ಚರ್ಚೆ ಸಾಮಾನ್ಯವಾಗಿ ಸೌರಫಲಕ ಮತ್ತು ಹೊಸ ಹವಾನಿಯಂತ್ರಣದಿಂದಲೇ ಶುರುವಾಗುತ್ತದೆ. ನನ್ನ ಮಟ್ಟಿಗೆ ಅವೆರಡೂ ಕಡೆಗೆ ಬರಬೇಕಾದ ಕೆಲಸಗಳು.

ಇಲ್ಲಿ ದಸರಾ ಮೆರವಣಿಗೆಯನ್ನು ಗೋಡೆಯ ಮೇಲೆಯೇ ಚಿತ್ರಿಸಲಾಗಿದೆ. ಚೌಕಟ್ಟಿನ ಚಿತ್ರವನ್ನಾದರೆ ಮಳೆಗಾಲದಲ್ಲಿ ಬೇರೆ ಕೋಣೆಗೆ ಸಾಗಿಸಬಹುದು. ಭಿತ್ತಿಚಿತ್ರಕ್ಕೆ ಆ ಸೌಲಭ್ಯವಿಲ್ಲ. ಸುಣ್ಣದ ಗಾರೆ ತೇವವನ್ನು ಹೀರಿಕೊಂಡರೂ ಮತ್ತೆ ಆರುತ್ತದೆ. ಆದರೆ ಹೊರಮೈಗೆ ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿ, ಗೋಡೆಯೊಳಗಿನ ನೀರು ಲವಣಗಳನ್ನು ಹೊತ್ತು ಚಿತ್ರವಿರುವ ಕಡೆಗೆ ಸಾಗುತ್ತದೆ, ಅಲ್ಲಿ ಒಣಗುವಾಗ ಉಪ್ಪು ಹರಳುಗಟ್ಟಿ ಬಣ್ಣವನ್ನು ಹಕ್ಕಳೆಯಂತೆ ಎಬ್ಬಿಸುತ್ತದೆ. ಆದ್ದರಿಂದ ಮೊದಲ ಹಣ ತಾರಸಿ, ಮಳೆನೀರಿನ ಕೊಳವೆ ಹಾಗೂ ಬುನಾದಿಯ ಸುತ್ತಲಿನ ಚರಂಡಿಗೆ ಹೋಗಬೇಕು. ಚರಂಡಿಯ ಉದ್ಘಾಟನೆಗೆ ಗಣ್ಯರು ಬರುವುದಿಲ್ಲ ಎಂಬುದು ಬೇರೆ ಮಾತು.

ಎರಡನೆಯದು ಬೆಳಕು. ಇಲ್ಲಿರುವ, ಕಲಾವಿದ ಎಸ್.ಎಲ್. ಹಲ್ದಣಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಅನೇಕರು ರವಿವರ್ಮನ ತೈಲಚಿತ್ರವೆಂದೇ ತಿಳಿದಿದ್ದಾರೆ, ಅದು ಜಲವರ್ಣ. ತೈಲಚಿತ್ರಗಳಿಗೆ ಸುಮಾರು 200 ಲಕ್ಸ್‌ವರೆಗೆ (ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಬೆಳಕು ಸಲ್ಲುತ್ತದೆ, ಜಲವರ್ಣಕ್ಕೆ 50 ಲಕ್ಸ್ ದಾಟಬಾರದು ಎಂಬುದು ರೂಢಿಯ ಮಿತಿ. ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ. ಕಿಟಕಿಗೆ ನೇರಳಾತೀತ ಕಿರಣ ತಡೆಯುವ ಪದರ, ಒಳಗೆ ಉತ್ತಮ ಎಲ್‌ಇಡಿ ದೀಪ: ವಿದ್ಯುತ್ತೂ ಉಳಿಯುತ್ತದೆ, ಚಿತ್ರವೂ ಉಳಿಯುತ್ತದೆ.

ಹವಾನಿಯಂತ್ರಣದ ವಿಷಯದಲ್ಲಿ ಜಗತ್ತಿನ ದೊಡ್ಡ ಸಂಗ್ರಹಾಲಯಗಳೇ ಈಗ ಪಟ್ಟು ಸಡಿಲಿಸಿವೆ. ಅವುಗಳ ಮುಖ್ಯಸ್ಥರ ಕೂಟವಾದ ಬಿಜೋ ಗುಂಪಿನ ಹಸಿರು ಒಡಂಬಡಿಕೆಯ ಪ್ರಕಾರ ಬಹುಪಾಲು ಕಲಾಕೃತಿಗಳಿಗೆ 16ರಿಂದ 25 ಡಿಗ್ರಿ ಉಷ್ಣತೆ, ಶೇ. 40ರಿಂದ 60ರಷ್ಟು ತೇವಾಂಶ ಸಾಕು. ಏರಿಳಿತ ಮಾತ್ರ ನಿಧಾನವಾಗಿರಬೇಕು. ಹಗಲು ಯಂತ್ರ ಓಡಿಸಿ ಸಂಜೆ ಬಾಗಿಲು ಹಾಕುವಾಗ ಆರಿಸುವ ನಮ್ಮ ಪದ್ಧತಿ ಮರದ ಚೌಕಟ್ಟುಗಳನ್ನು ದಿನವೂ ಹಿಗ್ಗಿಸಿ ಕುಗ್ಗಿಸುತ್ತದೆ, ಅದಕ್ಕಿಂತ ಯಂತ್ರವಿಲ್ಲದಿರುವುದೇ ಎಷ್ಟೋ ವಾಸಿ. ಮೈಸೂರಿನ ಹಿತವಾದ ಹವೆಗೆ ನೆರಳು, ಮೇಲ್ಛಾವಣಿಯ ಶಾಖ ತಡೆ ಮತ್ತು ಹಿಡಿತದಲ್ಲಿಟ್ಟ ಗಾಳಿಯಾಟ ಬಹುಪಾಲು ಕೆಲಸ ಮಾಡುತ್ತವೆ. ಸೂಕ್ಷ್ಮ ವಸ್ತುಗಳಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿರುವ ಮುಚ್ಚಿದ ಪೆಟ್ಟಿಗೆಗಳು, ಮುಂಗಾರಿನಲ್ಲಿ ಕೆಲವೇ ಕೋಣೆಗಳಿಗೆ ತೇವ ಹೀರುವ ಯಂತ್ರ.

ಇಷ್ಟಾದ ಮೇಲೆ ಎಷ್ಟು ವಿದ್ಯುತ್ ಬೇಕೆಂಬ ಲೆಕ್ಕವೇ ಇಳಿಯುತ್ತದೆ, ಫಲಕಗಳೂ ಕಡಿಮೆ ಸಾಕಾಗುತ್ತವೆ. ಅವುಗಳನ್ನು ಹಳೆಯ ತಾರಸಿಗೆ ರಂಧ್ರ ಕೊರೆದು ಕೂರಿಸದೆ ವಾಹನ ನಿಲುಗಡೆಯ ಚಪ್ಪರದ ಮೇಲೆ ಹಾಕಬಹುದು. ಆದರೆ ಯಾವ ಟೆಂಡರ್ ಕರೆಯುವ ಮೊದಲೂ ಪ್ರತಿ ಕೋಣೆಯಲ್ಲಿ ಉಷ್ಣತೆ ಮತ್ತು ತೇವಾಂಶ ದಾಖಲಿಸುವ ಪುಟ್ಟ ಮಾಪಕವನ್ನಿಟ್ಟು, ಒಂದು ಬೇಸಿಗೆ ಹಾಗೂ ಒಂದು ಮಳೆಗಾಲದ ಅಂಕಿಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು.