ಹಿಂಬಾಗಿಲುಗಳನ್ನೆಲ್ಲ ಬಲ್ಲ ಹುಡುಗಿ

ನಾನು ಕೆಲಸ ಮಾಡುವ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಹೊಸ ವಿಜ್ಞಾನ ಕಟ್ಟಡವೊಂದು ಏಳಲಿದ್ದು, ಪ್ರಯೋಗಾಲಯದ ಉಸ್ತುವಾರಿ ನನ್ನದಾದ್ದರಿಂದ ಯೋಜನಾ ಸಭೆಗಳಿಗೆ ನನಗೂ ಕರೆ ಬರುತ್ತದೆ. ಕಳೆದ ವಾರ ವಾಸ್ತುಶಿಲ್ಪಿ ಪರದೆಯ ಮೇಲೆ ತೋರಿಸಿದ ಚಿತ್ರ ನಿಜಕ್ಕೂ ಸೊಗಸಾಗಿತ್ತು: ಒಳಗೆ ಕಾಲಿಡುತ್ತಲೇ ಮರದ ಅಗಲವಾದ ಮೆಟ್ಟಿಲು, ಮೇಲಿನಿಂದ ಇಳಿಯುವ ಹಗಲ ಬೆಳಕು, ಮೆಟ್ಟಿಲಲ್ಲೇ ಕುಳಿತು ಹರಟುವ ವಿದ್ಯಾರ್ಥಿಗಳು. ಲಿಫ್ಟು ಎಲ್ಲಿ ಎಂದು ಯಾರೋ ಕೇಳಿದರು. ಅದು ಹಿಂಭಾಗದಲ್ಲಿದೆ, ಕಣ್ಣಿಗೆ ಬೀಳದಿದ್ದರೆ ಜನ ಮೆಟ್ಟಿಲು ಹತ್ತುತ್ತಾರೆ, ವಿದ್ಯುತ್ತೂ ಉಳಿಯುತ್ತದೆ ಎಂದು ಅವರು ಉತ್ತರಿಸಿದರು.

ಗಾಲಿಕುರ್ಚಿಯಲ್ಲಿದ್ದ ರಸಾಯನಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ನಗುತ್ತಲೇ ಹೇಳಿದಳು: "ಈ ಕ್ಯಾಂಪಸ್ಸಿನ ಹಿಂಬಾಗಿಲುಗಳೆಲ್ಲ ನನಗೆ ಬಾಯಿಪಾಠ. ಯಾವ ಕಟ್ಟಡದ ಕಸದ ತೊಟ್ಟಿ ಎಲ್ಲಿದೆ ಎಂಬುದೂ ಗೊತ್ತು. ಇದೊಂದಕ್ಕಾದರೂ ಮುಂಬಾಗಿಲಿನಿಂದ ಬರಬಹುದು ಅಂದುಕೊಂಡಿದ್ದೆ."

ನಮ್ಮಲ್ಲಿ ಹಿಂಬಾಗಿಲಿನಿಂದ ಬಂದವರು ಎಂದರೆ ಅರ್ಹತೆಯಿಲ್ಲದೆ ನುಸುಳಿದವರು ಎಂದರ್ಥ. ಮಾತು ಇಂಗ್ಲಿಷಿನಲ್ಲಿದ್ದರೂ ನನಗೆ ಚುಚ್ಚಿದ್ದು ಕನ್ನಡದಲ್ಲಿ.

ಚರ್ಚೆ ಫ್ಯೂಮ್ ಹುಡ್‌ಗಳತ್ತ, ಅಂದರೆ ಪ್ರಯೋಗದ ಅನಿಲಗಳನ್ನು ಹೊರಕ್ಕೆ ಎಳೆದು ಹಾಕುವ, ಮುಂದೆ ಮೇಲೆ-ಕೆಳಗೆ ಸರಿಯುವ ಗಾಜಿರುವ ಪೆಟ್ಟಿಗೆಗಳತ್ತ ಹೊರಳಿತು. ವಿಷಾನಿಲಗಳ ಭಯವಿರುವುದರಿಂದ ರಾಸಾಯನಿಕ ಪ್ರಯೋಗಾಲಯದ ಗಾಳಿಯನ್ನು ಕಚೇರಿಯ ಗಾಳಿಯಂತೆ ಮತ್ತೆ ಮತ್ತೆ ಸುತ್ತಿಸಿ ಬಳಸುವಂತಿಲ್ಲ; ಕಾಸು ಸುರಿದು ಬಿಸಿ ಮಾಡಿದ ಗಾಳಿಯನ್ನೇ ಹೊರಕ್ಕೆ ತಳ್ಳಬೇಕು. ಒಂದು ಹುಡ್ ವರ್ಷಕ್ಕೆ ಸುಮಾರು 3 ಮನೆಗಳಷ್ಟು ಶಕ್ತಿ ನುಂಗುತ್ತದೆ ಎಂಬುದು ಈ ವೃತ್ತಿಯವರು ಸಾಮಾನ್ಯವಾಗಿ ಹೇಳುವ ಲೆಕ್ಕ. ಮುಂದಿನ ಗಾಜನ್ನು ಇಳಿಸಿದರೆ ಹೊಸ ಬಗೆಯ ಹುಡ್‌ಗಳು ಎಳೆಯುವ ಗಾಳಿಯನ್ನು ತಾವಾಗಿಯೇ ತಗ್ಗಿಸುತ್ತವೆ. ಹಾಗಾಗಿ ಕೆಲಸ ಮುಗಿದೊಡನೆ ಗಾಜು ಇಳಿಸಿರಿ ಎಂಬ ಚೀಟಿಯನ್ನು ನಾನೇ ಎಲ್ಲೆಡೆ ಅಂಟಿಸಿದ್ದೇನೆ. "ಮೇಲೆತ್ತಿದ ಗಾಜು ನನ್ನ ಕೈಗೆ ಎಟುಕುವುದಿಲ್ಲ, ಅದು ತೆರೆದೇ ಇರುತ್ತದೆ," ಎಂದಳು ಆ ಹುಡುಗಿ. ಯೋಜನೆಯ ಕಡತದಲ್ಲಿ ಎರಡು ಪ್ರತ್ಯೇಕ ಅಧ್ಯಾಯಗಳಾಗಿ ಬರೆದಿಟ್ಟಿದ್ದ ಪರಿಸರಸ್ನೇಹ ಮತ್ತು ಸರ್ವಸಮಾವೇಶ ಒಂದೇ ಹಿಡಿಕೆಯಲ್ಲಿ ಸಿಕ್ಕಿಕೊಂಡಿರುವುದು ನಮಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನನಗೆ ಬಿ.ಎಸ್ಸಿ. ದಿನಗಳು ನೆನಪಾದವು. ನಮ್ಮ ಪ್ರಯೋಗಾಲಯ ಎರಡನೆಯ ಮಹಡಿಯಲ್ಲಿತ್ತು. ಅನಿಲ ತಯಾರಿಸುವ ಕಿಪ್ ಉಪಕರಣದಿಂದ ಹೊರಬರುವ ಕೊಳೆತ ಮೊಟ್ಟೆಯ ವಾಸನೆಗೆ ತೆರೆದ ಕಿಟಕಿಗಳೇ ಗತಿ. ವಿದ್ಯುತ್ತಿನ ಲೆಕ್ಕದಲ್ಲಿ ನಮ್ಮಷ್ಟು ಮಿತವ್ಯಯಿಗಳು ಯಾರೂ ಇರಲಾರರು, ಶ್ವಾಸಕೋಶದ ಲೆಕ್ಕ ಬೇರೆ. ಪೋಲಿಯೊದಿಂದ ಕಾಲು ಸೋತಿದ್ದ ಸಹಪಾಠಿಯೊಬ್ಬ ಊರುಗೋಲುಗಳನ್ನು ಮೇಜಿಗೆ ಒರಗಿಸಿ, ಸೊಂಟವನ್ನು ಅಂಚಿಗೆ ಆನಿಸಿ, ಮೂರು ಗಂಟೆ ನಿಂತೇ ಲವಣ ವಿಶ್ಲೇಷಣೆ ಮಾಡುತ್ತಿದ್ದ. ಎರಡನೆಯ ವರ್ಷ, ಪ್ರಾಕ್ಟಿಕಲ್ ಇಲ್ಲದ ವಿಷಯ ತೆಗೆದುಕೊಳ್ಳಪ್ಪ ಎಂದು ಅಧ್ಯಾಪಕರು ಪ್ರೀತಿಯಿಂದಲೇ ಬುದ್ಧಿ ಹೇಳಿದರು. ಅವನು ಹಾಗೆಯೇ ಮಾಡಿದ. ಮೇಜನ್ನು ತಗ್ಗಿಸಬಹುದಿತ್ತು ಎಂಬುದು ಅವರಿಗಾಗಲಿ, ನಮಗಾಗಲಿ, ಬಹುಶಃ ಅವನಿಗಾಗಲಿ ತೋಚಲಿಲ್ಲ. ನಿಂತು ಕೆಲಸ ಮಾಡುವ ಮೇಜು ಸಾಮಾನ್ಯವಾಗಿ 36 ಅಂಗುಲ ಎತ್ತರವಿರುತ್ತದೆ. ಕುಳಿತವರಿಗೆ 28ರಿಂದ 34 ಅಂಗುಲದೊಳಗಿರಬೇಕು, ಕೆಳಗೆ ಮಂಡಿಗೆ ಜಾಗವಿರಬೇಕು ಎನ್ನುತ್ತದೆ ಇಲ್ಲಿನ ನಿಯಮ. ವ್ಯತ್ಯಾಸ ಕೆಲವೇ ಅಂಗುಲ.

ಅಮೆರಿಕವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಇಲ್ಲಿ ಅಂಗವಿಕಲರ ಹಕ್ಕಿನ ಕಾನೂನು ಬಂದದ್ದು 1990ರಲ್ಲಿ. ಆ ಹುಡುಗಿ ಇಂದಿಗೂ ಕಸದ ತೊಟ್ಟಿಗಳ ನಡುವೆಯೇ ದಾರಿ ಹುಡುಕುತ್ತಾಳೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೂ, ನಿಯಮಗಳು ಪ್ರಕಟವಾದ 5 ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರಿಗೂ ಸುಗಮಗೊಳಿಸಬೇಕೆಂದು ಹೇಳಿತು. ನಿಯಮಗಳು 2017ರಲ್ಲೇ ಬಂದವು. ನಾವು ಓದಿದ ಕಾಲೇಜಿನ ಹೊಸ ಬ್ಲಾಕಿನ ಫೋಟೋವನ್ನು ಮೊನ್ನೆ ಗೆಳೆಯನೊಬ್ಬ ಹೆಮ್ಮೆಯಿಂದ ಕಳಿಸಿದ್ದ. ಛಾವಣಿಯ ತುಂಬ ಸೌರಫಲಕಗಳಿದ್ದವು. ಬಾಗಿಲಿಗೆ ಏಳು ಮೆಟ್ಟಿಲುಗಳಿದ್ದವು.

ಸಭೆಯ ಮರುದಿನ ಪ್ರಯೋಗಾಲಯದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕುರ್ಚಿಯೊಂದನ್ನು ಎಳೆದುಕೊಂಡು ಹುಡ್‌ನ ಮುಂದೆ ಕುಳಿತೆ. ಮಂಡಿಗಳು ಕೆಳಗಿನ ಕಪಾಟಿಗೆ ಬಡಿದವು. ನಾನೇ ಅಂಟಿಸಿದ್ದ ಚೀಟಿ ಕಣ್ಣಮುಂದಿತ್ತು. ಗಾಜಿನ ಹಿಡಿಕೆಗೆ ಕೈ ಚಾಚಿದೆ, ಒಂದು ಗೇಣು ಸಾಲಲಿಲ್ಲ.