ತಮ್ಮನ ಮೇಲೆ ಬಂದ ಮಾತು

"ನಿನ್ನ ರಕ್ತ ನಿಮ್ಮಣ್ಣಗ ಆಗಿಬರಲಿಲ್ಲ ನೋಡಪಾ." ಭಾನುವಾರ ನಮ್ಮ ಯಜಮಾನರ ಸೋದರತ್ತೆ ನನ್ನ ಮೈದುನನಿಗೆ ಹೀಗಂದರು. ಅವನು ಆಗಷ್ಟೇ ಮಾನ್ವಿಯಿಂದ ಬಸ್ಸಿಳಿದು ಬಂದಿದ್ದ. ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ. ವಾರವೆಲ್ಲ ಆ ಮಾತು ನನ್ನ ಕಿವಿಯಲ್ಲೇ ಇದೆ.

ನಮ್ಮ ಯಜಮಾನರಿಗೆ ಬಂದದ್ದು ಮೈಲೋಫೈಬ್ರೋಸಿಸ್. ಅಪರೂಪದ ರಕ್ತ ಕ್ಯಾನ್ಸರ್. ಮೂಳೆಯೊಳಗಿನ ಮಜ್ಜೆ ನಾರುಗಟ್ಟಿ, ರಕ್ತ ತಯಾರಾಗೋದೇ ಕಡಿಮೆಯಾಗುತ್ತೆ. ಪೂರ್ತಿ ವಾಸಿಯಾಗಬೇಕಂದ್ರೆ ಬೇರೆಯವರ ಸ್ಟೆಮ್ ಸೆಲ್, ಅಂದ್ರೆ ರಕ್ತ ತಯಾರಿಸೋ ಮೂಲ ಕಣ, ಹಾಕಿಸೋದೊಂದೇ ದಾರಿ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದು ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25 ಅಷ್ಟೇ. ಮೈದುನನದು ಹೊಂದಿತು. ದಿನಾ ಇಂಜೆಕ್ಷನ್ ತಗೊಂಡು, ಎಲುಬೆಲ್ಲ ನೋಯುತ್ತಿದ್ದರೂ ಬೆಂಗಳೂರಲ್ಲಿ ಆ ಕಣ ತೆಗೆಯೋ ಮಷಿನ್ ಪಕ್ಕ ತಾಸುಗಟ್ಟಲೆ ಮಲಗಿದ್ದ.

ಈಗ ಇವರಿಗೆ ಜಿವಿಎಚ್‌ಡಿ ಅನ್ನೋ ತೊಂದರೆ. ತಮ್ಮನ ಕಣಗಳು ಅಣ್ಣನ ಮೈಯನ್ನೇ ಹೊರಗಿನದು ಅಂದುಕೊಂಡು ಮೇಲೆ ಬೀಳುತ್ತವೆ. ಕೆನ್ನೆಯ ಒಳಗೆ ಬಲೆ ಹೆಣೆದ ಹಾಗೆ ಬಿಳಿ ಗೆರೆ ಎದ್ದಿವೆ. ಬಾಯಿ ಒಣಗುತ್ತೆ, ಖಾರ ಮುಟ್ಟೋ ಹಾಗಿಲ್ಲ. ಮಿರ್ಚಿ ಇಲ್ಲದೆ ಸಂಜೆ ಕಳೆಯದ ಮನುಷ್ಯ ಈಗ ಮಜ್ಜಿಗೆ ಅನ್ನ ಉಣ್ಣುತ್ತಾರೆ. ಬಿಸಿಲಿಗೆ ಹೋದರೆ ಚರ್ಮದ ತೊಂದರೆ ಜಾಸ್ತಿಯಾಗುತ್ತಂತೆ. ರಾಯಚೂರಲ್ಲಿ ಬಿಸಿಲು ತಪ್ಪಿಸಿ ಬದುಕೋದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೇ ಗೊತ್ತು.

ಇದರಲ್ಲಿ ಮೈದುನನ ತಪ್ಪೇನು? ಪೂರ್ತಿ ಹೊಂದಿದ್ದರೂ ಇದು ಬರಬಹುದು. ಅಳಿದುಳಿದ ಕ್ಯಾನ್ಸರ್ ಕಣಗಳನ್ನು ಹುಡುಕಿ ಕೊಲ್ಲೋದೂ ಅವನು ಕೊಟ್ಟ ಕಣಗಳೇ. ಅದಕ್ಕೇ ಡಾಕ್ಟರು ಅವನ್ನು ಪೂರ್ತಿ ಅಡಗಿಸಲ್ಲ. ಸ್ಟೀರಾಯ್ಡ್ ಕೊಟ್ಟು ಹದದಲ್ಲಿಡುತ್ತಾರೆ.

ಸೋದರತ್ತೆ ಕೆಟ್ಟವರಲ್ಲ. ಆಸ್ಪತ್ರೆಗೆ ಹೊರಟಾಗ ಕೇಳದೇ ದುಡ್ಡು ತಂದಿಟ್ಟವರು. ಆದರೆ ನಮ್ಮ ಕಡೆ ಕಾಯಿಲೆ ಬಂತಂದ್ರೆ ಅದಕ್ಕೆ ಯಾರಾದರೂ ಕಾರಣ ಆಗಲೇಬೇಕು. ಮೊದಲು ನನ್ನ ಕಾಲ್ಗುಣ ಅಂದರು. ಈಗ ತಮ್ಮನ ರಕ್ತ. ನೋಡಲು ಬಂದವರೆಲ್ಲ ಎಳನೀರು ಹಿಡಿದು ಇವರನ್ನು ಮಾತಾಡಿಸುತ್ತಾರೆ. ಕೊಟ್ಟವನು ಹೇಗಿದ್ದಾನೆ ಅಂತ ಒಬ್ಬರೂ ಕೇಳಲಿಲ್ಲ. ನನ್ನ ಹೊಟ್ಟೆ ಉರಿಯೋದು ಅಲ್ಲೇ. ಮರುದಿನ ಅತ್ತೆಗೆ ಫೋನ್ ಮಾಡಿ, ಹಾಗನ್ನಬೇಡಿ ಅಂತ ಕೇಳಿಕೊಂಡೆ. ಅವರು ಮಾತು ಬದಲಿಸಿದರು.

ಭಾನುವಾರ ರಾತ್ರಿ ಮೈದುನ ಅಡುಗೆಮನೆ ಬಾಗಿಲಲ್ಲಿ ನಿಂತು, "ಅತ್ತಿಗಿ, ಅಕ್ಕಂದು ತಗೊಂಡಿದ್ರ ಚೊಲೋ ಆಗ್ತಿತ್ತೇನು?" ಅಂದ. ಅಕ್ಕನದು ಹೊಂದಿರಲೇ ಇಲ್ಲ. ಅದು ಅವನಿಗೂ ಗೊತ್ತು, ಆದರೂ ಕೇಳಿದ. ಮುಂದಿನ ಸಲ ತೋರಿಸೋಕೆ ಹೋಗುವಾಗ ಅವನನ್ನೂ ಕರ್ಕೊಂಡು ಹೋಗ್ತೀನಿ. ಡಾಕ್ಟರ ಬಾಯಿಂದಲೇ ಕೇಳಲಿ.